ಮೂರನೆಯ ತುತ್ತು

ಅವ್ವಾ,

ಈ ಪತ್ರ ನಿನಗೆ ತಲುಪುವುದಿಲ್ಲ, ಆದರೂ ಹೇಳಲೇಬೇಕು. ಇವತ್ತು ಅವಳಿಗಳನ್ನು ಕಟ್ಟಿಕೊಂಡು ನಾನೊಬ್ಬಳೇ ಕೋಥ್ರೂಡಿನ ಹೋಟೆಲಿಗೆ ಹೋಗಿದ್ದೆ, ನೋಡು ನನ್ನ ಧೈರ್ಯ. ಕೂತ ಕೂಡಲೇ ಸಮರ್ಥ ಚಮಚ ಎಸೆದ, ತನ್ವಿ ನೀರು ಚೆಲ್ಲಿದಳು. ಪಕ್ಕದ ಟೇಬಲ್ಲಿನವರು ನಮ್ಮನ್ನೇ ನೋಡತೊಡಗಿದರು. ಇಬ್ಬರ ಮೊಸರನ್ನವನ್ನೂ ಒಂದೇ ತಟ್ಟೆಗೆ ಸುರಿದು, ನಿನ್ನ ಹಾಗೆ ಕೈತುತ್ತು ಹಾಕಿದೆ. ಅವನಿಗೊಂದು, ಇವಳಿಗೊಂದು. ಇಬ್ಬರೂ ಗಪ್ಪಾಗಿ ತಿಂದರು.

ಮತ್ತೆ ಸಮರ್ಥನ ಕಡೆ ಕೈ ಚಾಚಿದರೆ ಬಾಯಿ ಬಿಗಿಹಿಡಿದ.

“ಯಾಕೋ, ಸಾಕೇನು?”

“ಈಗ ಮಮ್ಮಿ ಪಾಳಿ ಅದ.”

ಮೂರನೆಯ ತುತ್ತು ನನ್ನ ಬಾಯಿಗೆ ಇಡುತ್ತಿದ್ದೆಯಲ್ಲ ನೀನು, ನಾನೇ ಮರೆತಿದ್ದೆ. ಅಷ್ಟರಲ್ಲಿ ತನ್ವಿ ತಟ್ಟೆಗೆ ಕೈಹಾಕಿ, ಅರ್ಧ ಅನ್ನವನ್ನು ಮೇಜಿನ ಮೇಲೆ ಚೆಲ್ಲಿ, ಕೈಯಲ್ಲಿ ಉಳಿದದ್ದನ್ನು ನನಗೆ ತಿನ್ನಿಸಿದಳು.

“ಅಜ್ಜಿ ಹಿಂಗ ತಿನಸ್ತಿದ್ಲು.”

ಇವಕ್ಕೆ ನೆನಪಿದೆ, ಅವ್ವಾ. ಹೋದ ವರ್ಷ ನೀನು ಹೋದಾಗ ಸರಿಯಾಗಿ ಮಾತೂ ಬಾರದ ಕೂಸುಗಳು, ನಿನ್ನ ಕೈಯನ್ನು ನೆನಪಿಟ್ಟುಕೊಂಡಿವೆ. ಅಲ್ಲೇ ಎದ್ದು ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು.

ಸಮರ್ಥ ಬೆರಳು ನೆಕ್ಕುತ್ತ ಕೇಳಿದ: “ಮತ್ತ, ಅಜ್ಜಿ ಪಾಳಿ ಯಾವಾಗ ಬರ್ತಿತ್ತು?”

ಬಾಯಲ್ಲಿ ತುತ್ತಿತ್ತು. ನಾಲ್ಕನೆಯದನ್ನು ಕಟ್ಟಿ, ನಿನಗೆಂದು ತಟ್ಟೆಯ ಅಂಚಿಗಿಟ್ಟೆ.