ಏರಿಲ್ಲದ ದಾರಿ

ನಗುವ ಹಾಗಿಲ್ಲದ ನನ್ನ ಚಿಕ್ಕಪ್ಪನಿಗೆ, ನಗಿಸುವ ಹಾಗಿಲ್ಲದ ನಿನ್ನ ಪಂಡಿತನ ನಮಸ್ಕಾರ.

ಒಂದೇ ಊರಿನಲ್ಲಿದ್ದುಕೊಂಡು, ಅದೂ ನೀನು ಮಲಗಿರುವ ವಾರ್ಡಿನ ಕೆಳಗಿನ ಕ್ಯಾಂಟೀನಿನಲ್ಲೇ ಕೂತುಕೊಂಡು ಕಾಗದ ಬರೆಯುವುದು ಹಾಸ್ಯಾಸ್ಪದವೇ ಸರಿ. ಆದರೆ ಹಾಸ್ಯಕ್ಕೆ ಆಸ್ಪದ ಇರಬಾರದೆಂದೇ ಈ ಏರ್ಪಾಟು. ಮೊನ್ನೆ ನಾನು ನಿನ್ನನ್ನು ನೋಡಿ ಹೊರಗೆ ಬಂದಾಗ ಹಿರಿಯ ನರ್ಸಮ್ಮ ಕಾರಿಡಾರಿನಲ್ಲಿ ಅಡ್ಡ ಹಾಕಿದರು. "ಸಾರ್, ನೀವು ಬಂದು ಹೋದ್ರೆ ಅವರಿಗೆ ಆಕ್ಸಿಜನ್ ಜಾಸ್ತಿ ಇಡ್ಬೇಕಾಗತ್ತೆ. ದಯವಿಟ್ಟು ಸ್ವಲ್ಪ ದಿನ ಬರ್ಬೇಡಿ" ಅಂದರು. ನನ್ನ ಜೋಕುಗಳು ಪ್ರಾಣ ತೆಗೆಯುತ್ತವೆ ಎಂದು ಕಾಲೇಜಿನ ಹುಡುಗರು ಹಿಂದಿನ ಬೆಂಚಿನಿಂದ ಹೇಳುವುದನ್ನು ಕೇಳಿದ್ದೆ. ವೈದ್ಯಕೀಯ ದೃಢೀಕರಣ ಸಿಕ್ಕಿದ್ದು ಇದೇ ಮೊದಲು.

ಇದರಲ್ಲಿ ನಿನ್ನ ಪಾಲೂ ಇದೆ. ನಾನು ಒಂದು ಅಂದರೆ ನೀನು ಎರಡು ಅನ್ನದೆ ಬಿಡುವವನಲ್ಲ. ಮೂಗಿನ ಮೇಲಿನ ಮಾಸ್ಕು ಸರಿಸಿಯಾದರೂ ಅನ್ನುತ್ತೀಯ. ಕಾಗದಕ್ಕಾದರೆ ಉತ್ತರ ಕೊಡುವ ತುರ್ತಿಲ್ಲ. ಓದುತ್ತಾ ನಗು ಬಂದರೆ ಮಡಿಚಿ ದಿಂಬಿನ ಕೆಳಗಿಡು, ಉಸಿರು ಹದಕ್ಕೆ ಬಂದ ಮೇಲೆ ಮುಂದುವರಿಸು. ಅಳು ಬಂದರೂ ಅಷ್ಟೇ. ಅದಕ್ಕೂ ಅಷ್ಟೇ ಗಾಳಿ ಖರ್ಚಾಗುತ್ತದಂತೆ.

ನೀನು ಮೊನ್ನೆ ಕೇಳಿದ್ದಕ್ಕೆ ಇದು ಉತ್ತರ. ಚಿಕ್ಕಮ್ಮ ನೀರು ತರಲು ಹೋಗಿದ್ದಳು. ನೀನು ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದೆ: "ಡಿಸ್ಚಾರ್ಜ್ ದಿನ ಗಾಡಿ ಗೇಟಿಗೇ ತಗೊಂಬಾ. ಮನೆಗೆ ಬೇಡ, ಸೀದಾ ಬೆಟ್ಟಕ್ಕೆ ಹೊಡಿ. ಅವಳ ಹತ್ರ ಉಸಿರು ಬಿಡ್ಬೇಡ." ಉಸಿರಿಗೇ ಒದ್ದಾಡುವವನ ಬಾಯಲ್ಲಿ ಆ ಮಾತು ಕೇಳಿ ನಾನು ನಕ್ಕುಬಿಟ್ಟೆ. ನಾನು ನಕ್ಕೆನೆಂದು ನೀನೂ ನಕ್ಕೆ. ನಿನ್ನ ಬೆರಳಿಗೆ ಸಿಕ್ಕಿಸಿದ ಯಂತ್ರ ಕೂಗಿಕೊಂಡಿತು, ನರ್ಸಮ್ಮ ಓಡಿ ಬಂದರು, ಉತ್ತರ ಅಲ್ಲೇ ನಿಂತಿತು.

ಉತ್ತರಕ್ಕೆ ಮೊದಲು ಸ್ವಲ್ಪ ಸುತ್ತು ಹಾಕುತ್ತೇನೆ. ಮೇಷ್ಟ್ರ ಕೆಟ್ಟ ಚಾಳಿ ಎಂದು ಬೈದುಕೋ, ಮನಸ್ಸಿನಲ್ಲೇ.

ಬೇಕರಿಯವರು ಮಾರಿದ ಹಳೆಯ ವ್ಯಾನನ್ನು ನೀನು ಶೆಡ್ಡಿಗೆ ತಂದು ನಿಲ್ಲಿಸಿದಾಗ ಅದರೊಳಗೆ ಇನ್ನೂ ಬ್ರೆಡ್ಡಿನ ವಾಸನೆಯಿತ್ತು. ಕಾಲೇಜು ಓದಿದ ನಾನು ಅದನ್ನು ಕ್ಯಾಂಪರ್ ವ್ಯಾನ್ ಎಂದೆ. ನೀನು ಮನೆಗಾಡಿ ಎಂದೆ. ಚಿಕ್ಕಮ್ಮ ಬ್ರೆಡ್ ಡಬ್ಬ ಎಂದಳು. ಅವಳ ಹೆಸರೇ ಉಳಿಯಿತು. "ಇಷ್ಟು ಬಸ್ಸು ಕಟ್ಟಿದೀನಿ, ಒಂದರಲ್ಲೂ ಟಿಕೆಟ್ ಇಲ್ಲದೆ ಕೂತಿಲ್ಲ ಕಣೋ. ಒಂದು ನಮಗೇ ಅಂತ ಕಟ್ಕೊಳ್ಳೋಣ" ಎಂದು ನೀನು ಅದರ ಬಾಗಿಲಿಗೆ ಒರಗಿ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಅಂದು ನೀನು ಅಷ್ಟೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದ್ದೆ.

ಬೆಟ್ಟವೇ ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ನೀನು ಕಟ್ಟಿದ ಬಸ್ಸುಗಳಲ್ಲಿ ಕೆಲವು ಬೆಟ್ಟದ ರೂಟಿಗೆ ಹೋಗುತ್ತಿದ್ದವು, ಆಗಾಗ ಪೆಟ್ಟು ತಿಂದು ವರ್ಕ್‌ಶಾಪಿಗೆ ವಾಪಸ್ಸಾಗುತ್ತಿದ್ದವು. ರಜೆಯಲ್ಲಿ ನಾನು ಅಲ್ಲಿಗೆ ಬರುತ್ತಿದ್ದಾಗ ನೀನು ಬಸ್ಸಿನಡಿ ಮಲಗಿಕೊಂಡೇ ನನ್ನನ್ನು ಕರೆಯುತ್ತಿದ್ದೆ. ಚಕ್ರದ ಕಮಾನಿನಲ್ಲಿ ಸಿಕ್ಕಿಕೊಂಡ ಸೂಜಿಯಂಥ ಎಲೆಗಳನ್ನು ಕಿತ್ತು ನನ್ನ ಮೂಗಿಗೆ ಹಿಡಿದು "ಮೂಸು, ಇದು ಮೇಲಿನದು" ಅನ್ನುತ್ತಿದ್ದೆ. ಬದಿಯ ತಗಡು ನೆಗ್ಗಿದ್ದರೆ ಬೆರಳಾಡಿಸಿ, "ಇದು ಬಂಡೆ ತಾಗಿದ್ದು, ಇದು ಎದುರು ಗಾಡಿ" ಎಂದು ಹೇಳುತ್ತಿದ್ದೆ. ಬೆಟ್ಟವನ್ನು ನೋಡದೆಯೇ, ಬೆಟ್ಟ ಕೊಟ್ಟ ಏಟುಗಳನ್ನು ನೋಡಿ ಬೆಟ್ಟವನ್ನು ಬಲ್ಲವನು ನೀನೊಬ್ಬನೇ ಇರಬೇಕು.

ಅಷ್ಟು ವರ್ಷ ಬಸ್ಸಿನ ಬಾಡಿ ಕಟ್ಟಿ ಕಟ್ಟಿ ನೀನೇ ಬಾಡಿ ಹೋಗಿದ್ದೆ ಎಂಬುದು ಮಾತ್ರ ನಮಗೆ ತಿಳಿದಿರಲಿಲ್ಲ. ಫೈಬರ್ ಉಜ್ಜುವಾಗ ಏಳುವ ಬಿಳಿ ಪುಡಿ, ವೆಲ್ಡಿಂಗಿನ ಹೊಗೆ, ಪೇಂಟಿನ ಆವಿ. ಮೂಗಿಗೆ ಕರವಸ್ತ್ರ ಕಟ್ಟಿಕೋ ಎಂದರೆ ಕಟ್ಟಿಕೊಳ್ಳುತ್ತಿದ್ದೆ, ತಮಾಷೆ ಹೇಳುವುದಕ್ಕೆಂದು ಮತ್ತೆ ಬಿಚ್ಚುತ್ತಿದ್ದೆ.

ಬ್ರೆಡ್ ಡಬ್ಬವನ್ನು ನೀನು ಕಟ್ಟಿದ ರೀತಿಯನ್ನು ನೆನೆಸಿಕೊಂಡರೆ ಈ ಕ್ಯಾಂಟೀನಿನಲ್ಲೂ ನಗು ಬರುತ್ತದೆ. ನಿನಗೆ ಮನೆ ಕಟ್ಟಲು ಬರುವುದಿಲ್ಲ, ಬಸ್ಸು ಕಟ್ಟಲು ಬರುತ್ತದೆ. ಹಾಗಾಗಿ ಮಂಚಕ್ಕೆ ಬಸ್ಸಿನ ಚೌಕಟ್ಟಿನ ಕೊಳವೆ, ತಟ್ಟೆ ಇಡುವ ಗೂಡಿಗೆ ಲಗೇಜು ಕಂಬಿ, ಮಡಿಸುವ ಮೇಜಿಗೆ ತುರ್ತು ಬಾಗಿಲಿನ ಕೀಲು. ನಮ್ಮ ಮೂವರ ಸಂಸಾರಕ್ಕೆ ಒಂದು ಬಸ್ಸು ತುಂಬ ಜನರನ್ನು ಹೊರುವಷ್ಟು ಕಬ್ಬಿಣ. "ಎರಡು ಲೋಟ ಇಡೋಕೆ ಇಷ್ಟು ಗಟ್ಟಿ ಬೇಕಾ? ಇದರ ಮೇಲೆ ನಾನೇ ಕೂತ್ಕೋಬಹುದು" ಎಂದಳು ಚಿಕ್ಕಮ್ಮ. "ಕೂತ್ಕೊ, ನಿನ್ನ ಅಳತೆ ಇಟ್ಕೊಂಡೇ ಮಾಡಿದ್ದು" ಎಂದೆ ನೀನು. ಅವಳು ಸೌಟು ಎತ್ತಿದಳು. ನೀನು ಬಸ್ಸಿನಡಿ ನುಸುಳುವ ಅಭ್ಯಾಸದಂತೆ ವ್ಯಾನಿನಡಿ ನುಸುಳಿದೆ.

ಗಾಡಿಯನ್ನು ಮೊದಲ ಸಲ ನೀರಿನ ಟ್ಯಾಂಕಿನ ಏರಿಗೆ ಹೊಡೆದೆವು. ಅರ್ಧ ದಾರಿಯಲ್ಲಿ ಅದು ಕೆಮ್ಮಿ, ನಡುಗಿ, ನಿಂತಿತು. ಎಂಜಿನ್ ನೋಡುತ್ತೇನೆಂದು ಇಳಿದ ನೀನು ಬಾನೆಟ್ಟಿನವರೆಗೂ ಬರಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಕಟ್ಟಿದವನಿಗೂ ಕಟ್ಟಿಸಿಕೊಂಡದ್ದಕ್ಕೂ ಏರು ಕಂಡರೆ ಏದುಸಿರು ಎಂದು ನಾನು ತಮಾಷೆ ಮಾಡಿದೆ. ನೀನು ಎದುರುತ್ತರ ಕೊಡಲಿಲ್ಲ. ಅಲ್ಲೇ ನನಗೆ ಹೆದರಿಕೆ ಶುರುವಾಯಿತು, ಚಿಕ್ಕಪ್ಪ. ನಿನ್ನ ಉಬ್ಬಸಕ್ಕಿಂತ ಹೆಚ್ಚಾಗಿ ನಿನ್ನ ಮೌನ ನನ್ನನ್ನು ಹೆದರಿಸಿತು.

ನಿನ್ನ ಎದೆಗಾರಿಕೆ ಎಕ್ಸ್-ರೇಯಲ್ಲಿ ಕಾಣಿಸಲಿಲ್ಲ. ಕಂಡದ್ದು ಬಿಳಿ ಬಲೆ. ಶ್ವಾಸಕೋಶ ಸ್ಪಂಜಿನಂತೆ ಮೆತ್ತಗಿರಬೇಕು, ನಿಮ್ಮದು ಒಣಗಿ ಗಟ್ಟಿಯಾಗಿದೆ ಎಂದು ಎದೆ ಡಾಕ್ಟರಮ್ಮ ಹೇಳಿದಾಗ ನೀನು, "ನೆನೆಸಿಟ್ರೆ ಮೆತ್ತಗಾಗಲ್ವಾ ಡಾಕ್ಟ್ರೇ?" ಎಂದೆ. ಅವರು ನಕ್ಕರು. ನಕ್ಕ ಮೇಲೆ ಮೇಜಿನ ಮೇಲಿನ ಪೆನ್ನುಗಳನ್ನು ಸುಮ್ಮನೆ ಜೋಡಿಸುತ್ತಾ ಕೂತರು. ಎತ್ತರದ ಜಾಗದಲ್ಲಿ ಗಾಳಿ ತೆಳು, ನೀವು ಎತ್ತರಕ್ಕೆ ಹೋಗಲೇಬಾರದು ಎಂದರು.

ಆಮೇಲೆ ನಮ್ಮ ಪ್ರವಾಸ ಬೆಟ್ಟ ಇಳಿಯತೊಡಗಿತು. ಶೆಡ್ಡಿನ ಗೋಡೆಯ ಮೇಲೆ ನಾವು ಅಂಟಿಸಿದ್ದ ನಕಾಶೆಯಲ್ಲಿ ಮೊದಲು ಗುರುತು ಹಾಕಿದ್ದು ನೆತ್ತಿಯ ಸರೋವರಕ್ಕೆ. ಅದರ ದಂಡೆಯಲ್ಲಿ ಗಾಡಿ ನಿಲ್ಲಿಸಿ ಬೆಳಿಗ್ಗೆ ಬಾಗಿಲು ತೆರೆದರೆ ಮಂಜು ಒಳಗೇ ಬರಬೇಕು ಎಂದು ನಿನ್ನ ಆಸೆ. ಮೊದಲ ಸಲ ಆಸ್ಪತ್ರೆಗೆ ಸೇರಿ ಬಂದ ಮೇಲೆ ಗುರುತು ನಡುಬೆಟ್ಟದ ಸೂಜಿಮರಗಳ ತೋಪಿಗೆ ಇಳಿಯಿತು. ಮತ್ತೊಂದು ಸಲ ಸೇರಿ ಬಂದ ಮೇಲೆ ಬುಡದ ಹೊಳೆಗೆ. ಆಮೇಲೆ ಇನ್ನೂ ಈಚೆಗೆ, ಬಯಲಿನಲ್ಲಿ ಬೆಟ್ಟಗಳು ನೀಲಿ ಗೆರೆಯ ಹಾಗೆ ಕಾಣುವ ಒಂದು ಪೆಟ್ರೋಲ್ ಬಂಕಿಗೆ. "ಅಲ್ಲಿ ಟಾಯ್ಲೆಟ್ಟೂ ಇದೆ" ಎಂದು ನೀನೇ ಸಮಾಧಾನ ಹೇಳಿದೆ. ಜನ ಬೆಟ್ಟ ಹತ್ತಲು ಯೋಜನೆ ಹಾಕುತ್ತಾರೆ. ನಾವಿಬ್ಬರು ಅಷ್ಟೇ ಶ್ರದ್ಧೆಯಿಂದ ಇಳಿಯಲು ಹಾಕಿದೆವು. ಗಾಡಿಯಿಂದ ನೀನು ಕಬ್ಬಿಣ ತೆಗೆದೆ, ನಕಾಶೆಯಿಂದ ನಾನು ಎತ್ತರ ತೆಗೆದೆ.

ಕಬ್ಬಿಣ ತೆಗೆಯುವಾಗ ನಡೆದ ಒಂದು ಸಂಗತಿಯನ್ನು ನೀನು ಗಮನಿಸಲಿಲ್ಲ, ನಾನು ಗಮನಿಸಿದೆ. ಮೇಲಿನ ಮಂಚ ಹೋಯಿತು, ಲಗೇಜು ಕಂಬಿ ಹೋಯಿತು, ಆಮೇಲೆ ನೀನು ಕಿಟಕಿ ಪಕ್ಕದ ಸೀಟಿನ ಬೋಲ್ಟುಗಳಿಗೆ ಕೈ ಹಾಕಿದೆ. ಅದು ಚಿಕ್ಕಮ್ಮನ ಸೀಟು. "ಅವಳು ಬರಲ್ಲ ಅಂದಿದಾಳಲ್ಲ, ಚಳಿಗೆ ಮಂಡಿ ಹಿಡ್ಕೊಳ್ಳತ್ತಂತೆ" ಎಂದೆ ನೀನು. ನೀನು ಸೀಟನ್ನು ಎತ್ತಿ ಪಕ್ಕಕ್ಕಿಟ್ಟಾಗ ಅವಳು ಟೀ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಲೋಟಗಳನ್ನು ಡ್ರಮ್ಮಿನ ಮೇಲಿಟ್ಟು ಹೊರಟುಹೋದಳು. ಸಕ್ಕರೆ ಹಾಕಿಲ್ಲ ಎಂದು ನೀನು ಗೊಣಗಿದೆ. ನನ್ನ ಟೀಗೂ ಹಾಕಿರಲಿಲ್ಲ.

ಅದಕ್ಕೇ ನಿನ್ನ ಗುಟ್ಟನ್ನು ನಾನು ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಮೊನ್ನೆಯೇ, ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಅವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು: "ಬರಲ್ಲ ಅಂತ ನಾನು ಅಂದಿದ್ದು, ಅವರು ಇನ್ನೊಂದ್ಸಲ ಕರೀಲಿ ಅಂತ ಕಣೋ. ಮದುವೆಯಾದಾಗಿಂದ ಆ ಮನುಷ್ಯ ಯಾವುದನ್ನೂ ಎರಡನೇ ಸಲ ಕೇಳಿಲ್ಲ. ಊಟಕ್ಕೆ ಇನ್ನಷ್ಟು ಹಾಕು ಅಂತ ಕೂಡ." ಆ ಕೊನೆಯ ಮಾತಿಗೆ ಅವಳೇ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆಸಿಕೊಂಡರು. ನಾಳೆ ರೌಂಡ್ಸಿಗೆ ಬಂದಾಗ ನಿನಗೆ ಹೇಳುತ್ತಾರೆ. ಹೊರಗೆ ಬಂದ ಮೇಲೆ ಚಿಕ್ಕಮ್ಮ ಅಂದಳು: "ಹೊರಗಿನವರ ಬಾಯಿಂದ ಕೇಳೋದು ಬೇಡ. ನೀನೇ ಹೇಳು. ಸುಳ್ಳು ಮಾತ್ರ ಸೇರಿಸ್ಬೇಡ." ಆದ್ದರಿಂದ ಹೇಳುತ್ತಿದ್ದೇನೆ.

ನಿನ್ನನ್ನು ಮನೆಗೆ ಕಳಿಸುತ್ತಾರೆ, ಚಿಕ್ಕಪ್ಪ. ಗುಣವಾಗಿದೆ ಎಂದಲ್ಲ. ಇಲ್ಲಿ ಮಾಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದು. ಆಕ್ಸಿಜನ್ ಮಷೀನು ಇನ್ನು ಹಗಲೂ ಬೇಕು, ರಾತ್ರಿಯೂ ಬೇಕು. "ಎಷ್ಟು ದಿನ ಅಂತ ಕೇಳ್ಬೇಡಿ, ಇರೋಷ್ಟು ದಿನ ಜೊತೇಲಿರಿ" ಎಂದರು. ಕೇಳಬೇಡಿ ಎಂದದ್ದೇ ಉತ್ತರವಾಗಿತ್ತು.

ಬೆಟ್ಟಕ್ಕೆ ಹೋಗುವುದಿಲ್ಲ. ಹೊಳೆಗೂ ಇಲ್ಲ, ನೀಲಿ ಗೆರೆಗೂ ಇಲ್ಲ.

"ಹೇಗೂ ಮೇಲೆ ಹೋಗೋದೇ ಅಂತಾದ್ರೆ ಬೆಟ್ಟದ ಮೇಲಿಂದಾನೇ ಹೋಗೋಣ ಬಿಡೋ, ದಾರಿ ಹತ್ರ ಆಗತ್ತೆ" ಎಂದು ನೀನು ಅಂದೇ ಅನ್ನುತ್ತೀಯ. ಅದೊಳ್ಳೆ ಮಾತೇ, ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಗುತ್ತದೆ. ಆದರೆ ನಾನು ನಿಜಕ್ಕೂ ಯೋಚಿಸಿ ನೋಡಿದೆ. ಯಾವುದೋ ತಿರುವಿನಲ್ಲಿ ಗಾಡಿ ನಿಂತಿದೆ. ಮಷೀನಿನ ಬ್ಯಾಟರಿ ಮುಗಿದಿದೆ. ಒಂದು ಚಕ್ರ ಬದಲಿಸಲೂ ಬಾರದ ನಾನು ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಚಿಕ್ಕಮ್ಮ ಆಸ್ಪತ್ರೆಯ ಗೇಟಿನಲ್ಲಿ ನಿನ್ನ ಬಟ್ಟೆಯ ಚೀಲ ಹಿಡಿದು ಕಾಯುತ್ತಿದ್ದಾಳೆ. ಆಗ ಹೇಳಲು ನನ್ನ ಹತ್ತಿರ ಒಂದೂ ತಮಾಷೆ ಇರುವುದಿಲ್ಲ. ಇದನ್ನು ಬುದ್ಧಿವಾದ ಅಂದುಕೊಳ್ಳಬೇಡ. ಪುಕ್ಕಲುತನ. ನಿನ್ನನ್ನು ಅಲ್ಲಿ ಒಬ್ಬನೇ ನೋಡುವ ಧೈರ್ಯ ನನಗಿಲ್ಲ.

ನಿನ್ನ ಮಾತಿನಲ್ಲಿ ಅರ್ಧ ನಡೆಸಿಕೊಡುತ್ತೇವೆ. ಡಿಸ್ಚಾರ್ಜ್ ದಿನ ಗಾಡಿ ಗೇಟಿಗೇ ಬರುತ್ತದೆ. ಮಧ್ಯಾಹ್ನ ನಾವಿಬ್ಬರೂ ಶೆಡ್ಡಿಗೆ ಹೋಗಿದ್ದೆವು. ಚಿಕ್ಕಮ್ಮ ತನ್ನ ಸೀಟನ್ನು ಗೋಣಿಯ ಕೆಳಗಿಂದ ತಾನೇ ಎಳೆದು ತಂದಳು. ನಾನು ಬೋಲ್ಟು ಹಾಕಿದೆ. ಅದು ಸೊಟ್ಟಗೆ ಕೂತಿದೆ, ನೋಡಿದರೆ ನಿನಗೆ ಸಿಟ್ಟು ಬರುತ್ತದೆ, ಮಲಗಿದಲ್ಲಿಂದಲೇ ಬೈಯಬೇಡ. ಅದರ ಪಕ್ಕಕ್ಕೇ ನಿನಗೆ ಉದ್ದಕ್ಕೆ ಹಾಸಿಗೆ ಹಾಸಿದ್ದೇವೆ, ತಲೆ ಕಿಟಕಿಯ ಕಡೆಗೆ. ಮೇಲ್ಸೇತುವೆ ಹತ್ತುವುದಿಲ್ಲ, ಕಾಲುವೆ ಪಕ್ಕದ ರಸ್ತೆ ಹಿಡಿಯುತ್ತೇನೆ. ಅದು ಉದ್ದ, ಆದರೆ ಎಲ್ಲೂ ಏರಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಅಡುಗೆಮನೆಯ ಕಿಟಕಿಯಿಂದ ಮಷೀನಿಗೆ ವೈರು ಎಳೆಯುತ್ತೇನೆ. ಒಂದು ರಾತ್ರಿಯಾದರೂ ನಿನ್ನ ಜೊತೆ ಅದರೊಳಗೇ ಮಲಗಬೇಕಂತೆ ಅವಳಿಗೆ. ಹಾಗಾದರೆ ನಾನೂ ಅಲ್ಲೇ ಒಂದು ಮೂಲೆಯಲ್ಲಿರುತ್ತೇನೆ ಎಂದೆ. "ನೀನು ಯಾಕೋ? ನಿಂಗೆ ಮನೆ ಇಲ್ವಾ?" ಎಂದಳು. ಆ ಮಾತು ಕೇಳಿ ನನಗೆ ಎಷ್ಟೋ ದಿನಗಳ ಮೇಲೆ ಸಮಾಧಾನವಾಯಿತು.

ಅವಳು ಗೇಟಿನ ಹತ್ತಿರ ಸ್ವಲ್ಪ ದೂರ ನಿಂತಿರುತ್ತಾಳೆ. ನನಗೇನೂ ಹೇಳಿಲ್ಲ, ಆದರೆ ಅವಳು ತಾನಾಗಿ ಗಾಡಿ ಹತ್ತುವುದಿಲ್ಲ ಎಂದು ನನಗೆ ಗೊತ್ತು. ಅಲ್ಲಿಯವರೆಗೆ ಯಾರೊಂದಿಗೂ ಮಾತಾಡಬೇಡ. ನರ್ಸಮ್ಮನಿಗೆ ಧನ್ಯವಾದ ನಾನು ಹೇಳುತ್ತೇನೆ, ಡಾಕ್ಟರಮ್ಮನಿಗೂ ನಾನೇ ಹೇಳುತ್ತೇನೆ. ನನಗಂತೂ ಒಂದಕ್ಷರವನ್ನೂ ಹೇಳಬೇಡ. ಇರುವ ಗಾಳಿಯನ್ನೆಲ್ಲ ಕೂಡಿಟ್ಟುಕೊಂಡು, ಅವಳ ಕಡೆ ತಿರುಗಿ, "ಬಾರೇ" ಅನ್ನು. ಅವಳು ಮಂಡಿ ನೋವು ಅನ್ನುತ್ತಾಳೆ, ಇಲ್ಲವೇ ಕೇಳಿಸದವಳ ಹಾಗೆ ಬೇರೆ ಕಡೆ ನೋಡುತ್ತಾಳೆ.

ಆಗ ಇನ್ನೊಂದ್ಸಲ ಅನ್ನು.

ಆಶೀರ್ವಾದವನ್ನು ಕೈ ಎತ್ತಿ ಮಾಡಿದರೆ ಸಾಕು, ನನಗೆ ಮುಟ್ಟುತ್ತದೆ. ಬರುವ ಒಂದೊಂದು ಉಸಿರೂ ನಿನಗೆ ಸಲೀಸಾಗಿ ಬರಲಿ.

ಕೆಳಗೆ ಕ್ಯಾಂಟೀನಿನಲ್ಲೇ ಇರುವ,
ನಿನ್ನ ಪಂಡಿತ