ಆರೂ ಇಪ್ಪತ್ತರ ದೀಪ

ಸೋಮವಾರ, ಸೆಪ್ಟೆಂಬರ್ 23

ಮತ್ತೆ ಮಂಜು. ಮತ್ತೆ ಒದ್ದೆ ಶೂ. ಆರೂ ಮೂವತ್ತನಾಲ್ಕರ ರೈಲು ತಡ. ಕಾರಣ, ಹಳಿಯ ಮೇಲೆ ಎಲೆ ಬಿದ್ದಿದೆಯಂತೆ. ಸೆಪ್ಟೆಂಬರಿನಲ್ಲೇ! ನವೆಂಬರಿಗೆ ಮರಗಳೇ ಬೀಳುತ್ತವೇನೋ.

ಪ್ಲಾಟ್‌ಫಾರ್ಮಿನಲ್ಲಿ ನನ್ನ ಜಾಗದಲ್ಲಿ ನಾನು, ಒಂದು ಮಾರು ಆಚೆ ತನ್ನ ಜಾಗದಲ್ಲಿ ಬೂದು ಸ್ಕಾರ್ಫಿನವನು. ಒಂಬತ್ತು ವರ್ಷದಿಂದ ಹೀಗೇ. ಬೋಗಿಯ ಬಾಗಿಲು ಸರಿಯಾಗಿ ನಮ್ಮಿಬ್ಬರ ಮುಂದೆಯೇ ಬಂದು ನಿಲ್ಲುತ್ತದೆ. ಅವನು ತಲೆಯಾಡಿಸಿದ, ನಾನೂ ಆಡಿಸಿದೆ. ಅಲ್ಲಿಗೆ ನಮ್ಮ ಮಾತುಕತೆ ಮುಗಿಯಿತು. ಲಂಡನ್ ಬರುವವರೆಗೆ ಇಡೀ ಬೋಗಿ ಮೂಕ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ನಾಲ್ಕನೇ ನಂಬರಿನ ಮನೆಯ ನಾರ್ಮನ್ ಎಂದಿನಂತೆ ದೀಪ ಹಚ್ಚಿದ್ದರು. ಅಡುಗೆಮನೆ ಕಿಟಕಿಯಲ್ಲಿ ನಿಂತು ಚಹಾ ಮಗ್ಗು ಎತ್ತಿ ತೋರಿಸಿದರು. ನಾನು ಕೊಡೆ ಎತ್ತಿದೆ.

ಶನಿವಾರ, ಸೆಪ್ಟೆಂಬರ್ 28

ಮಧ್ಯಾಹ್ನ ನಾರ್ಮನ್ ಮನೆಯಲ್ಲಿ ಚಹಾ. ಬಿಸ್ಕತ್ತು ಮೆತ್ತಗಾಗಿತ್ತು, ಇಬ್ಬರೂ ಹೇಳಲಿಲ್ಲ. ನರ್ಸ್ ಬಂದು ಕುತ್ತಿಗೆಗೆ ಹಾಕಿಕೊಳ್ಳುವ ಗುಂಡಿಯೊಂದನ್ನು ಕೊಟ್ಟು ಹೋಗಿದ್ದಾಳೆ. ಬಿದ್ದರೆ ಒತ್ತಬೇಕು, ಯಾರೋ ಫೋನ್ ಮಾಡಿ ವಿಚಾರಿಸುತ್ತಾರೆ. ಅದು ಆಗಲೇ ಡ್ರಾಯರಿಗೆ ಸೇರಿದೆ.

"ನಾನೇನು ಹಸುನಾ, ಕುತ್ತಿಗೆಗೆ ಗಂಟೆ ಕಟ್ಟೋಕೆ?" ಅಂದರು.

"ಹೋದ ಚಳೀಲಿ ಬಚ್ಚಲಲ್ಲಿ ಬಿದ್ದು ಸಾಯಂಕಾಲದ ತನಕ ಒದ್ದಾಡಿದ್ರಲ್ಲ, ಆಗ ಈ ಗಂಟೆ ಇದ್ದಿದ್ರೆ?"

"ಆಗ ದೀಪದ ಏರ್ಪಾಡು ಇರ್ಲಿಲ್ಲ. ಈಗ ಇದೆ. ಬೆಳಿಗ್ಗೆ ನೀನು ಸ್ಟೇಷನ್ನಿಗೆ ಹೋಗ್ತಾ ನೋಡ್ತೀಯ. ದೀಪ ಇದ್ರೆ ಮುದುಕ ಇದಾನೆ, ಇಲ್ದಿದ್ರೆ ಬಾಗಿಲು ಬಡೀತೀಯ. ನಿನ್ನ ಹತ್ರ ಬೀಗದ ಕೈನೂ ಇದೆ. ಇದಕ್ಕಿಂತ ಗುಂಡಿ ಬೇಕಾ?"

ನನ್ನ ಹಿಂದೆ ಬರುವ ಬೂದು ಸ್ಕಾರ್ಫಿನವನ ಹೆಸರೇನು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ನಗು ತಡೆಯಲಾಗದೆ ಕೆಮ್ಮಿದರು.

"ಒಂಬತ್ತು ವರ್ಷ ಪಕ್ಕದಲ್ಲಿ ನಿಂತು ಹೆಸರು ಗೊತ್ತಿಲ್ವೇನೇ! ಹೋಗ್ಲಿ ಬಿಡು. ನಾನೂ ಅದೇ ಪ್ಲಾಟ್‌ಫಾರ್ಮಲ್ಲಿ ಮೂವತ್ತು ವರ್ಷ ನಿಂತವನು. ನಂಗೂ ಒಬ್ಬರ ಹೆಸರೂ ಗೊತ್ತಾಗ್ಲಿಲ್ಲ."

ಬುಧವಾರ, ಅಕ್ಟೋಬರ್ 9

ದರಿದ್ರ ದಿನ.

ಆರೂ ಇಪ್ಪತ್ತಕ್ಕೆ ನಾರ್ಮನ್ ಕಿಟಕಿ ಕತ್ತಲು. ಬಾಗಿಲು ಬಡಿದೆ, ಕೂಗಿದೆ, ಕೊನೆಗೆ ಬೀಗ ತೆಗೆಯಲು ಹೋದಾಗ ಅವರೇ ಕೆದರಿದ ತಲೆಯಲ್ಲಿ ಇಳಿದು ಬಂದರು. ನಿದ್ದೆ ಹತ್ತಿಬಿಟ್ಟಿತ್ತಂತೆ, ಅಷ್ಟೇ. ಹಿಂದೆಯೇ ರೈಲು ಹೋದ ಸದ್ದು.

ಮುಂದಿನ ರೈಲು ರದ್ದು. ಆಫೀಸು ಸೇರಿದಾಗ ಮೀಟಿಂಗ್ ಅರ್ಧ ಮುಗಿದಿತ್ತು. ಕ್ರಿಸ್‌ಮಸ್ ಒಳಗೆ ನಮ್ಮ ವಿಭಾಗದಲ್ಲಿ ಇಬ್ಬರನ್ನು ತೆಗೆಯುತ್ತಾರೆ. ಅದನ್ನು ಹೇಳುವ ಹೊತ್ತಿಗೇ ನಾನು ಒದ್ದೆ ಕೋಟಿನಲ್ಲಿ ಒಳಗೆ ಹೋಗಬೇಕೆ! ಮ್ಯಾನೇಜರ್ ಹುಡುಗಿ, ನನಗೆ ಮಗಳಿದ್ದಿದ್ದರೆ ಅವಳ ವಯಸ್ಸು, ಗಡಿಯಾರ ನೋಡಿ, "ಬಂದ್ರಾ ಲೋರ್ನಾ, ಕೂತ್ಕೊಳ್ಳಿ" ಅಂದಳು. ಅಷ್ಟೇ ಅಂದಿದ್ದು. ಸಾಕಾಯಿತು.

ಸಂಜೆ ಬರುವಾಗ ನಾರ್ಮನ್ ಗೇಟಿನಲ್ಲೇ ಕಾದಿದ್ದರು. ತಡೆದುಕೊಳ್ಳಲಾಗಲಿಲ್ಲ, ಅಂದುಬಿಟ್ಟೆ: "ನಿಮ್ಮ ದೀಪದ ದೆಸೆಯಿಂದ ನನ್ನ ಕೆಲಸ ಹೋಗತ್ತೆ ನೋಡಿ. ದಿನಾ ನಿಮ್ಮನ್ನ ಎಬ್ಬಿಸೋಕೆ ನಂಗಾಗಲ್ಲ."

ಅವರ ಮುಖ ಚಿಕ್ಕದಾಯಿತು. "ಇನ್ನೊಂದ್ಸಲ ಹಾಗಾಗಲ್ಲಮ್ಮ" ಅಂದು ಒಳಗೆ ಹೋದರು.

ಭಾನುವಾರ, ಅಕ್ಟೋಬರ್ 13

ನಾಲ್ಕು ದಿನ ಮುಖ ತೋರಿಸಿರಲಿಲ್ಲ. ಇವತ್ತು ತಮ್ಮ ಮರದ ಸೇಬಿನ ಬುಟ್ಟಿ ಹಿಡಿದು ಬಂದರು. ಅರ್ಧಕ್ಕರ್ಧ ಹುಳ. ಬಾಗಿಲಲ್ಲೇ ನಿಂತು, ಗುಟ್ಟು ಹೇಳುವವರ ಹಾಗೆ: "ಇನ್ಮೇಲೆ ನಿನ್ನ ರೈಲು ತಪ್ಪಲ್ಲ. ವ್ಯವಸ್ಥೆ ಮಾಡಿದೀನಿ."

"ಅಲಾರಾಂ ಇಟ್ರಾ?"

"ಅಂಥದ್ದೇ ಅನ್ಕೋ."

ಕ್ಷಮಿಸಿ ಅನ್ನಬೇಕೆಂದಿದ್ದೆ. ಸೇಬು ಚೆನ್ನಾಗಿದೆ ಅಂದೆ.

ಸೋಮವಾರ, ಅಕ್ಟೋಬರ್ 14

ದೀಪ ಇತ್ತು. ಮುದುಕ ಕಾಣಲಿಲ್ಲ. ಕೋಪ ಹೋಗಿಲ್ಲವೇನೋ. ಇರಲಿ, ದೀಪ ಇದೆಯಲ್ಲ, ಸಾಕು.

ಮಂಗಳವಾರ, ಅಕ್ಟೋಬರ್ 22

ದೀಪ ಇತ್ತು. ಮಳೆ. ರೈಲಿನಲ್ಲಿ ಸೀಟಿಲ್ಲ, ನಿಂತೇ ಹೋದೆ. ಆಫೀಸಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುವುದೇ ಕೆಲಸ.

ಬುಧವಾರ, ಅಕ್ಟೋಬರ್ 23

ದೀಪ ಇತ್ತು. ಅಭ್ಯಾಸಬಲ, ಕೈ ಎತ್ತಿದೆ.

ಗುರುವಾರ, ಅಕ್ಟೋಬರ್ 24

ಕಸದ ದಿನ. ಬೀದಿಗೆಲ್ಲ ಕಸದ ಡಬ್ಬಿ ಸಾಲುಗಟ್ಟಿತ್ತು, ನಾರ್ಮನ್‌ರದ್ದು ಬಂದಿರಲಿಲ್ಲ. ಅವರು ಮರೆಯುವವರಲ್ಲ, ಹಿಂದಿನ ಸಂಜೆಯೇ ತಂದಿಟ್ಟು ಬೇರೆಯವರದ್ದನ್ನೂ ನೇರ ಮಾಡುವವರು. ದೀಪ ಮಾತ್ರ ಉರಿಯುತ್ತಿತ್ತು. ನಾನೇ ಒಳಗೆ ಹೋಗಿ ಎಳೆದು ತರಬಹುದಿತ್ತು. ರೈಲಿಗೆ ಹೊತ್ತಾಗಿತ್ತು.

ಸಂಜೆ ಹಳ್ಳಿಯ ವಾಟ್ಸಾಪ್ ಗುಂಪಿನಲ್ಲಿ ಹಳೇ ಕೊಟ್ಟಿಗೆಯನ್ನೇ ದೊಡ್ಡ ಮನೆ ಮಾಡಿಕೊಂಡವಳ ಸಂದೇಶ: ನಾಲ್ಕನೇ ನಂಬರಿನವರು ಕಸ ಹೊರಗಿಟ್ಟಿಲ್ಲ, ನರಿ ಬರುತ್ತದೆ, ಅವರ ಬೇಲಿಯೂ ರಸ್ತೆಗೆ ಬಂದಿದೆ, ಯಾರಾದರೂ ಹೇಳಿ. ಹನ್ನೆರಡು ಜನ ಹೆಬ್ಬೆರಳು ಎತ್ತಿದ್ದಾರೆ. ಇವಳ ಮನೆಯಿಂದ ಅವರ ಬಾಗಿಲು ನಲವತ್ತು ಹೆಜ್ಜೆ. ನನ್ನದರಿಂದ ಇನ್ನೂ ಕಡಿಮೆ. ನಾನೂ ಹೋಗಲಿಲ್ಲ. ರಾತ್ರಿಯಾಗಿತ್ತು, ಸುಸ್ತಾಗಿತ್ತು. ಅವರು ಸಂಜೆಯಾದರೆ ಹಿಂದಿನ ಕೋಣೆ ಸೇರುತ್ತಾರೆ, ಮುಂದೆಲ್ಲ ಯಾವತ್ತೂ ಕತ್ತಲೇ.

ಶುಕ್ರವಾರ, ಅಕ್ಟೋಬರ್ 25

ದೀಪ ಇತ್ತು. ಆಫೀಸಿನಿಂದ ನೇರ ನಾರಿಚ್‌ಗೆ, ಅಕ್ಕನ ಮನೆಗೆ. ಸೋಮವಾರ ಸಂಜೆ ನಾರ್ಮನ್ ಮನೆಗೆ ಹೋಗಬೇಕು. ಕ್ಷಮಿಸಿ ಅನ್ನಬೇಕು.

ಭಾನುವಾರ, ಅಕ್ಟೋಬರ್ 27

ವಾಪಸ್ಸು. ಇವತ್ತಿನಿಂದ ಚಳಿಗಾಲದ ಸಮಯ, ಪ್ರತಿ ವರ್ಷದಂತೆ ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದೆ. ಮನೆಯವನ್ನೆಲ್ಲ ತಿದ್ದಿಟ್ಟೆ. ಮೊಬೈಲು ತಾನೇ ತಿದ್ದಿಕೊಂಡಿತ್ತು, ಒಲೆಯ ಗಡಿಯಾರ ಯಥಾಪ್ರಕಾರ ಜಗಳವಾಡಿತು. ಐದಕ್ಕೇ ಕತ್ತಲು. ಇನ್ನು ಮಾರ್ಚಿನವರೆಗೆ ಈ ಹಳ್ಳಿಯನ್ನು ಹಗಲಲ್ಲಿ ನೋಡುವುದು ಶನಿವಾರ ಭಾನುವಾರ ಮಾತ್ರ.

ಸೋಮವಾರ, ಅಕ್ಟೋಬರ್ 28

ದೀಪ ಇರಲಿಲ್ಲ.

ಬುಧವಾರ, ಅಕ್ಟೋಬರ್ 30

ಬರೆಯದಿದ್ದರೆ ಆಗುವುದಿಲ್ಲ. ಬರೆಯುತ್ತೇನೆ.

ಸೋಮವಾರ ಆರೂ ಇಪ್ಪತ್ತಕ್ಕೆ ಕಿಟಕಿ ಕತ್ತಲು. ಗೇಟಿನಲ್ಲಿ ನಿಂತೆ. ಮೊದಲು ಬಂದದ್ದು ಸಿಟ್ಟು. ಗಡಿಯಾರ ತಿದ್ದುವುದು ಮರೆತಿದ್ದಾರೆ ಅಂದುಕೊಂಡೆ. ಮರೆತಿದ್ದರೆ ಒಂದು ಗಂಟೆ ಮೊದಲೇ ಎದ್ದಿರಬೇಕಲ್ಲ? ಹಾಗೆ ಯೋಚಿಸುತ್ತ ಅಲ್ಲೇ ನಿಂತಿದ್ದೆ — ನಿಂತಿದ್ದೆ, ದೇವರೇ, ರೈಲಿನ ಲೆಕ್ಕ ಹಾಕುತ್ತ. ಬೂದು ಸ್ಕಾರ್ಫಿನವನು ಹಿಂದಿನಿಂದ ಬಂದ, ಕತ್ತಲಾಗಿದ್ದ ಕಿಟಕಿ ನೋಡಿದ, ನನ್ನನ್ನು ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದ. ತಲೆಯಾಡಿಸಿ ಮುಂದೆ ಹೋದ.

ಬೀಗ ತೆಗೆದೆ. ವಾಸನೆಗೇ ತಿಳಿಯಿತು.

ಅಡುಗೆಮನೆಯ ನೆಲದ ಮೇಲೆ, ಕಿಟಕಿಯ ಕೆಳಗೆ. ರಸ್ತೆಯಿಂದ ಕಾಣದ ಜಾಗ. ಚಹಾ ಮಗ್ಗು ಒಲೆಯವರೆಗೆ ಉರುಳಿ ಹೋಗಿತ್ತು. ಅವರ ಅಂಗೈ ಗೋಡೆಗೆ ಆನಿಕೊಂಡಿತ್ತು.

ಪೊಲೀಸರು ಬಂದರು. ಡಾಕ್ಟರು ಬಂದರು. ಹೋದ ಮಂಗಳವಾರವೇ ಬಿದ್ದಿರಬೇಕು ಅಂದರು, ಸೊಂಟದ ಮೂಳೆ ಮುರಿದಿದೆ. ತಕ್ಷಣ ಹೋದರೇ ಎಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಲಿಲ್ಲ. "ಎರಡು ದಿನ ಜೀವ ಇದ್ದಿರಬಹುದು. ಹೇಳೋಕಾಗಲ್ಲ."

"ಸಾಧ್ಯಾನೇ ಇಲ್ಲ," ಅಂದೆ. "ಶುಕ್ರವಾರದ ತನಕ ದಿನಾ ದೀಪ ಇತ್ತು. ನಾನೇ ಕಣ್ಣಾರೆ ನೋಡಿದೀನಿ."

ಎಳೆ ವಯಸ್ಸಿನ ಕಾನ್‌ಸ್ಟೇಬಲ್ ಕಿಟಕಿಕಟ್ಟೆಯ ಮೇಲಿದ್ದ ದೀಪದ ತಂತಿ ಹಿಡಿದು ಪ್ಲಗ್ಗಿನವರೆಗೆ ಹೋದ. ಅಲ್ಲೊಂದು ಬಿಳಿ ಡಬ್ಬಿ, ಮೇಲೆ ತಿರುಗುವ ಮುಖ.

"ಮೇಡಂ, ಇದು ಟೈಮರ್ರು. ಜನ ರಜಕ್ಕೆ ಹೋಗೋವಾಗ ಹಾಕ್ತಾರಲ್ಲ, ಮನೇಲಿ ಯಾರೋ ಇದಾರೆ ಅಂತ ಕಳ್ಳರು ನಂಬ್ಲಿ ಅಂತ. ಆರಕ್ಕೆ ಹತ್ತಿ ಆರೂ ಮುಕ್ಕಾಲಿಗೆ ಆರತ್ತೆ." ತನ್ನ ವಾಚು ನೋಡಿಕೊಂಡ. "ಹಳೇ ಸಮಯದಲ್ಲೇ ಇದೆ, ತಿದ್ದಿಲ್ಲ. ಅದಕ್ಕೇ ಇವತ್ತು ಐದಕ್ಕೆ ಹತ್ತಿ ನೀವು ಬರೋದ್ರೊಳಗೆ ಆರಿಹೋಗಿದೆ."

ಕಿತ್ತು ಮೇಜಿನ ಮೇಲಿಟ್ಟ.

ವ್ಯವಸ್ಥೆ ಮಾಡಿದೀನಿ ಅಂದಿದ್ದು ಇದನ್ನೇ. ನನ್ನ ರೈಲು ತಪ್ಪಬಾರದೆಂದು. ತಾನು ಎದ್ದರೂ ಏಳದಿದ್ದರೂ ದೀಪ ಹತ್ತಲೆಂದು.

ಗುರುವಾರ, ಅಕ್ಟೋಬರ್ 31

ಹೋದ ವಾರ ಬುಧವಾರ ಕೈ ಎತ್ತಿದ್ದೆ. ನನ್ನ ಶೂ ಸದ್ದು ಅವರಿಗೆ ಕೇಳಿಸಿರುತ್ತದೆ. ಆ ರಸ್ತೆಯಲ್ಲಿ ಅಷ್ಟು ಬೆಳಿಗ್ಗೆ ಇನ್ನಾವ ಸದ್ದೂ ಇರುವುದಿಲ್ಲ. ಕೂಗಿದ್ದರೋ ಏನೋ. ಮೇಲೆ ದೀಪ ಉರಿಯುತ್ತಿತ್ತು.

ಆಫೀಸಿಗೆ ಹೋಗಿಲ್ಲ. ಯಾರೂ ಫೋನ್ ಮಾಡಿಲ್ಲ.

ಶುಕ್ರವಾರ, ನವೆಂಬರ್ 8

ಅಂತ್ಯಕ್ರಿಯೆ. ಚರ್ಚಿನಲ್ಲಿ ಏಳು ಜನ, ಪಾದ್ರಿಯೂ ಸೇರಿ. ಅವರಿಗೆ ಐದು ಹಳ್ಳಿಯ ಚರ್ಚು, ಬೇಗ ಮುಗಿಸಿದರು. ಹಗಲು ಹನ್ನೊಂದಕ್ಕೆ ಈ ಹಳ್ಳಿಯಲ್ಲಿ ಯಾರಿರುತ್ತಾರೆ, ಎಲ್ಲ ಲಂಡನ್ನಿನಲ್ಲಿ. ವಾಟ್ಸಾಪಿನಲ್ಲಿ ಮಾತ್ರ ಮೂವತ್ತು ಹೂವು. ಒಬ್ಬಳು ಕೇಳಿದ್ದಾಳೆ, ನಾರ್ಮನ್ ಅಂದರೆ ಯಾರು?

ಆಮೇಲೆ ಅವರ ತಂಗಿಯ ಮಗಳು ಪ್ರೂಡೆನ್ಸ್ ಜೊತೆ ಚಹಾ. ದೂರದ ಕಾರ್ಲೈಲ್‌ನಿಂದ ಬಂದಿದ್ದಾಳೆ, ಕಣ್ಣೆಲ್ಲ ಕೆಂಪು. ನಾನು ಎಲ್ಲ ಹೇಳಿಬಿಟ್ಟೆ. ದೀಪ, ಬೈಗಳು, ಟೈಮರು. ಅವಳು ನನ್ನ ಕೈ ಹಿಡಿದುಕೊಂಡಳು.

"ನಾನು ಭಾನುವಾರ ಭಾನುವಾರ ಫೋನ್ ಮಾಡ್ತಿದ್ದೆ, ಆಂಟಿ. ಮಾವ ಪ್ರತಿ ಸಲಾನೂ ಒಂದೇ ಮಾತು ಹೇಳೋರು. ನಂಗೇನ್ ಭಯ, ಲೋರ್ನಾ ದಿನಾ ನೋಡ್ತಾಳೆ ಅಂತ. ಕೊನೇ ಭಾನುವಾರ ಫೋನ್ ಎತ್ಲಿಲ್ಲ, ನೀವಿದೀರಲ್ಲ ಅಂತ ನಾನೂ ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಕೇಳಿಕೊಂಡಳು: "ಮನೆ ಮಾರೋ ತನಕ ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ. ಖಾಲಿ ಮನೆ ಅಂತ ಗೊತ್ತಾದ್ರೆ ಕಷ್ಟ. ಆ ಟೈಮರ್ ಸರಿಯಾಗಿ ತಿರುಗಿಸಿ ಮತ್ತೆ ಹಾಕಿಬಿಡ್ತೀರಾ?"

ಹೂಂ ಅಂದೆ. ಇನ್ನೇನು ಅನ್ನಲಿ?

ಸೋಮವಾರ, ನವೆಂಬರ್ 11, ಬೆಳಿಗ್ಗೆ ಆರು

ನಾರ್ಮನ್ ಅಡುಗೆಮನೆಯಲ್ಲಿ ಕೂತಿದ್ದೇನೆ. ನಿನ್ನೆ ಟೈಮರ್ ತಿರುಗಿಸಿ ಹಾಕಿದೆ. ಸರಿಯಾಗಿ ಹತ್ತುತ್ತದೋ ಇಲ್ಲವೋ ನೋಡಿ, ಇಲ್ಲಿಂದಲೇ ರೈಲಿಗೆ. ಇವತ್ತಿನಿಂದ ಮತ್ತೆ ಆಫೀಸು.

ಟಕ್ ಅಂತು. ಹತ್ತಿತು. ಎಷ್ಟು ಸಣ್ಣ ಸದ್ದು.

6.20

ಬೂದು ಸ್ಕಾರ್ಫಿನವನು ಬಂದ. ಎರಡು ವಾರ ಕತ್ತಲಾಗಿದ್ದ ಕಿಟಕಿ ಬೆಳಗಿದ್ದು ಕಂಡು ಗೇಟಿನ ಹತ್ತಿರ ನಿಂತುಬಿಟ್ಟಿದ್ದಾನೆ. ಬ್ಯಾಗು ಕೆಳಗಿಟ್ಟ. ಕೈ ಎತ್ತಿದ. ನಗುತ್ತಿದ್ದಾನೆ, ಒಂಬತ್ತು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಇದೇ ಮೊದಲು. ಅವನೂ ದಿನಾ ನೋಡುತ್ತಿದ್ದನೇ? ದೀಪ ಕಣ್ಣಿಗೆ ಹೊಡೆದು ಅವನಿಗೆ ನನ್ನ ಮುಖ ಕಾಣುತ್ತಿಲ್ಲ, ಬರೀ ಒಂದು ಆಕಾರ. ಸುದ್ದಿಯೇ ಮುಟ್ಟಿಲ್ಲ ಇವನಿಗೆ, ನನ್ನನ್ನೇ ನಾರ್ಮನ್ ಅಂದುಕೊಂಡಿದ್ದಾನೆ. ನಾನೂ ಕೈ ಎತ್ತಿಬಿಟ್ಟೆ, ತಾನಾಗಿಯೇ ಎತ್ತಿತು.

ಹೀಗೆ ಕಳಿಸಬಾರದು. ಕಿಟಕಿ ತೆಗೆದು ಕರೆದು ಹೇಳಬೇಕು. ಬ್ಯಾಗು ಎತ್ತಿಕೊಂಡ, ಹೊರಟ. ಏನಂತ ಕರೆಯಲಿ, ಅವನ ಹೆಸರು—