ಜ್ವರದ ಮಕ್ಕಳ ಮಂಚ

ಅತ್ತಿಗೆ,

ಸಮುದ್ರ ದಾಟಿ ಭಾಷಾ ಪಾಠದ ಸಹಾಯಕಿಯಾಗಿ ಬಂದರೆ ಚಿಲಕವಿರುವ ಕೋಣೆ, ನನ್ನದೇ ತರಗತಿ, ಕೂರಲು ಕುರ್ಚಿ ಕೊಡುತ್ತೇವೆ ಎಂದಿದ್ದರು. ಮೂರಕ್ಕೂ ಕೈಯೆತ್ತಿಬಿಟ್ಟಿದ್ದಾರೆ. ಸಿಕ್ಕಿರುವುದು ಈ ವಸತಿ ಶಾಲೆಯಲ್ಲಿ ಜ್ವರ ಬಂದ ಮಕ್ಕಳನ್ನು ಮಲಗಿಸುವ ಮಂಚ. ಕಾಲು ಚಾಚಿದರೆ ಪಾದ ಹೊರಗೆ. ಭಾನುವಾರ ರಜೆಯೆಂದು ಮಲಗಿದ್ದೆ, ಮುಖ್ಯೋಪಾಧ್ಯಾಯಿನಿ ಮಗುವೊಂದನ್ನು ಕರೆತಂದರು.

"ಎದ್ದೇಳಿ, ಮಗೂಗೆ ಜ್ವರ."

"ನನಗೇ ಜ್ವರ ಬಂದ್ರೆ ಮೇಡಂ?"

"ನಿಮಗೆ ಬರೋ ಹಾಗಿಲ್ಲ ಕಣ್ರೀ, ಇರೋದೊಂದೇ ಮಂಚ!"

ಮಗುವಿನ ಮೇಲೆ ನನಗೇನೂ ಸಿಟ್ಟಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿ, ಸಂಜೆವರೆಗೆ ಹೊರಗಿನ ಪಡಸಾಲೆಯಲ್ಲಿ ನಿಂತೆ. ಸಹನೆಯೇ ಶಿಕ್ಷಕರಿಗೆ ಭೂಷಣವೆಂದು ಅಲ್ಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಕುರ್ಚಿ ಹಾಕಿಸಲು ಮರೆತಿದ್ದಾರೆ.

ನಾನು ಗಟ್ಟಿಮುಟ್ಟಾಗಿದ್ದೇನೆ. ಅಮ್ಮನಿಗೆ ಮಂಚದ ಸಂಗತಿ ಓದಿ ಹೇಳಬೇಡಿ.

ಇನ್ನಿಬ್ಬರು ಸಹಾಯಕಿಯರಲ್ಲಿ ಒಬ್ಬಳು ಉಗ್ರಾಣದಲ್ಲಿ, ಇನ್ನೊಬ್ಬಳು ಮೆಟ್ಟಿಲ ಕೆಳಗೆ ಮಲಗುತ್ತಾರೆ. ಮೂವರೂ ಒಂದಾಗಿದ್ದೇವೆ, ಒಟ್ಟಿಗೇ ಜ್ವರವೆಂದು ಮಲಗಿ ಪಾಠ ನಿಲ್ಲಿಸುತ್ತೇವೆ. ಕೋಣೆ ಕೊಡುವ ತನಕ ನಮ್ಮ ಜ್ವರ ಇಳಿಯುವುದಿಲ್ಲ. ಮಕ್ಕಳಿಗೆ ಜ್ವರ ಬಂದರೆ ಮೇಡಂ ಕೋಣೆಯ ಸೋಫಾ ಇದೆ. ಸಭೆ ಇದೇ ಮಂಚದ ಮೇಲೆ, ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಮೊದಲ ಗಂಟೆ ಬಾರಿಸುವಾಗ.

ನಿಮ್ಮ ನಾದಿನಿ